ಹೈಸ್ಕೂಲ್ ಇಂಗ್ಲಿಷ್: ಕೈಗೆ ಫೋನ್ ಬಂದರೂ ಮಕ್ಕಳು ಬಾಯಿ ಬಿಡುತ್ತಿಲ್ಲ ಯಾಕೆ?

ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಿರಿಯಡ್ ಹೇಗೆ ನಡೆಯುತ್ತದೆ ಅಂತ ನಮ್ಮಲ್ಲಿ ತುಂಬ ಜನರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಷ್ಟ್ರು ಒಂದು ಸಾಲು ಓದುತ್ತಾರೆ. ಅದರ ಅರ್ಥ ಕನ್ನಡದಲ್ಲಿ ಹೇಳುತ್ತಾರೆ. ‘ಅಂಡರ್‌ಸ್ಟುಡ್?’ ಅಂತ ಕೇಳುತ್ತಾರೆ. ‘ಎಸ್ ಸಾರ್’ ಅಂತ ಇಡೀ ಕ್ಲಾಸು ಒಂದೇ ರಾಗದಲ್ಲಿ ಹೇಳುತ್ತದೆ. ಪಾಠ ಮುಗಿದ ಮೇಲೆ ಪ್ರಶ್ನೆ, ಉತ್ತರ ಎರಡೂ ಬೋರ್ಡಿಗೆ ಬರುತ್ತವೆ. ಬೋರ್ಡಿನಿಂದ ನೋಟ್ಸಿಗೆ ಇಳಿಯುತ್ತವೆ, ನೋಟ್ಸಿನಿಂದ ಪರೀಕ್ಷೆಯ ಹಾಳೆಗೆ ಹೋಗುತ್ತವೆ. ನಡುವೆ ಮಗು ಯೋಚನೆ ಮಾಡಲೇಬೇಕಾದ ಜಾಗ ಎಲ್ಲೂ ಬರುವುದಿಲ್ಲ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಇದೇ ಪಾಠ ಫೋನಿಗೆ ಬಂತು. ಬೋರ್ಡಿನ ಬದಲು ನೋಟ್ಸಿನ ಫೋಟೊ. ‘ಎಸ್ ಸಾರ್’ ಬದಲು ಹೆಬ್ಬೆರಳಿನ ಚಿಹ್ನೆ. ಗ್ರೂಪಿನಲ್ಲಿ ನಲವತ್ತು ಹೆಬ್ಬೆರಳು ಬಿದ್ದರೆ ಪಾಠ ಆಯಿತು ಅಂತ ಲೆಕ್ಕ.

ಅಲ್ಲಿಂದ ಈಚೆಗೆ ಒಂದೇ ವಾದ ಕೇಳುತ್ತಿದ್ದೇವೆ: ಕ್ಲಾಸಿನ ಪಾಠ ಒಳ್ಳೆಯದೋ, ಆನ್‌ಲೈನ್ ಒಳ್ಳೆಯದೋ? ಆನ್‌ಲೈನ್‌ನಲ್ಲಿ ಮಕ್ಕಳು ಕೇಳಿಸಿಕೊಳ್ಳುವುದಿಲ್ಲ ಅನ್ನುತ್ತಾರೆ. ನಿಜ. ಆದರೆ ಕ್ಲಾಸಿನಲ್ಲಿ ಕೇಳಿಸಿಕೊಳ್ಳುತ್ತಿದ್ದರು ಅಂತ ಯಾರು ಹೇಳಿದ್ದು? ಕ್ಲಾಸಿನಲ್ಲಿ ಸುಮ್ನೆ ಕೂತಿರುವುದು ಕೇಳಿಸಿಕೊಂಡ ಹಾಗೆ ಕಾಣುತ್ತಿತ್ತು, ಅಷ್ಟೆ. ಫೋನು ಆ ಪರದೆಯನ್ನು ತೆಗೆದುಹಾಕಿತು.

ನನಗೆ ಅನ್ನಿಸುವುದು ಇಷ್ಟು. ಮಕ್ಕಳು ಇಂಗ್ಲಿಷಿಗೆ ಕೈ ಹಾಕಬೇಕಾದರೆ, ಇಂಗ್ಲಿಷ್ ಬಳಸದೆ ಸಿಗದ ಏನೋ ಒಂದು ಅವರ ಮುಂದಿರಬೇಕು. ಒಂದು ಗುಟ್ಟು, ಒಂದು ಲೆಕ್ಕ, ಒಂದು ಜಗಳ, ಏನೋ ಒಂದು. ಅದು ಇದ್ದರೆ ಕ್ಲಾಸೂ ನಡೆಯುತ್ತದೆ, ಫೋನೂ ನಡೆಯುತ್ತದೆ. ಇಲ್ಲದಿದ್ದರೆ ಸ್ಮಾರ್ಟ್ ಬೋರ್ಡ್ ಹಾಕಿದರೂ ಅದು ಮಿಂಚುವ ಕರಿಹಲಗೆಯೇ.

ಹತ್ತು ವರ್ಷ ಕಲಿತದ್ದು ಎಲ್ಲಿ ಹೋಯಿತು?

ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಶುರು ಮಾಡಿದ್ದು 2007-08ರಲ್ಲಿ. ಅಂದರೆ ಇವತ್ತು ಹತ್ತನೇ ತರಗತಿಯಲ್ಲಿರುವ ಹುಡುಗಿ ಹತ್ತು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದವಳು. ಆದರೂ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ದಾರಿ ಕೇಳಿದರೆ ಗೆಳತಿಯ ಬೆನ್ನ ಹಿಂದೆ ಹೋಗಿ ನಿಲ್ಲುತ್ತಾಳೆ.

ಇದು ನಮ್ಮ ರಾಜ್ಯದ ಕತೆ ಮಾತ್ರ ಅಲ್ಲ. ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2023ರ ವರದಿ ದೇಶದ ಹಳ್ಳಿಗಳಲ್ಲಿ 14ರಿಂದ 18 ವರ್ಷದವರನ್ನು ನೋಡಿತು. ಇಂಗ್ಲಿಷಿನ ಸರಳ ವಾಕ್ಯ ಓದಬಲ್ಲವರು ಶೇ 57.3. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಅರ್ಥವನ್ನೂ ಹೇಳಬಲ್ಲರು. ಲೆಕ್ಕ ಹಾಕಿದರೆ, ಸರಳ ವಾಕ್ಯ ಓದಿ ಅರ್ಥ ಮಾಡಿಕೊಳ್ಳುವವರು ನೂರಕ್ಕೆ ನಲವತ್ತೆರಡು, ನಲವತ್ತಮೂರು. ಇದು ಓದಿನ ಮಾತು. ಮಾತಾಡುವುದನ್ನು ಅಳೆಯಲು ಹೋದರೆ ಇನ್ನೂ ಕೆಳಗೇ ಬರಬಹುದು.

ಯಾಕೆ ಹೀಗೆ? ಸಣ್ಣ ಲೆಕ್ಕ ಹಾಕಿ ನೋಡೋಣ. 45 ನಿಮಿಷದ ಪಿರಿಯಡ್, 50 ಮಕ್ಕಳು. ಮೇಷ್ಟ್ರು ಅರ್ಧ ಗಂಟೆ ಮಾತಾಡಿ, ಉಳಿದ 15 ನಿಮಿಷವನ್ನು ಪೂರ್ತಿ ಮಕ್ಕಳಿಗೇ ಬಿಟ್ಟುಕೊಟ್ಟರು ಅಂತಲೇ ಇಟ್ಟುಕೊಳ್ಳಿ. ಒಬ್ಬೊಬ್ಬರಿಗೆ ಸಿಗುವುದು 18 ಸೆಕೆಂಡು. ಅದನ್ನೂ ಮುಂದಿನ ಬೆಂಚಿನ ನಾಲ್ಕು ಜನ ಹಂಚಿಕೊಳ್ಳುತ್ತಾರೆ. ಹಿಂದಿನ ಬೆಂಚಿನ ಮಗು ಇಡೀ ವರ್ಷ ಇಂಗ್ಲಿಷಿನಲ್ಲಿ ಹೇಳುವ ಮಾತು ‘ಪ್ರೆಸೆಂಟ್ ಸಾರ್’, ‘ಮೇ ಐ ಕಮಿನ್ ಸಾರ್’ ಇಷ್ಟೇ ಆಗಿರಬಹುದು.

ಇದರ ಮೇಲೆ ಅವಸರ ಬೇರೆ. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಕ್ಲಾಸುಗಳ ಧ್ವನಿಮುದ್ರಣ ಕೇಳಿ ಒಂದು ವಿಷಯ ಗಮನಿಸಿದರು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಹೆಚ್ಚುಕಡಿಮೆ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರ ಉದ್ದವಾಗುತ್ತಿತ್ತು. ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ತೆರೆಯುತ್ತಿದ್ದರು. ಅದು ವಿಜ್ಞಾನದ ಕ್ಲಾಸು, ಅದೂ ಮಕ್ಕಳ ಮನೆಮಾತಿನಲ್ಲೇ ನಡೆದದ್ದು. ನಮ್ಮ ಮಗು ಪ್ರಶ್ನೆ ಅರ್ಥ ಮಾಡಿಕೊಳ್ಳಬೇಕು, ಉತ್ತರ ಕನ್ನಡದಲ್ಲಿ ಹೊಳೆಯಬೇಕು, ಇಂಗ್ಲಿಷ್ ಪದ ಹುಡುಕಬೇಕು, ತಪ್ಪಾದರೆ ಯಾರು ನಗುತ್ತಾರೆ ಅಂತಲೂ ಯೋಚಿಸಬೇಕು. ಮೂರು ಸೆಕೆಂಡು ಅದಕ್ಕೆ ಎಲ್ಲಿ ಸಾಕು? ಅಷ್ಟರಲ್ಲಿ ಮೇಷ್ಟ್ರೇ ಉತ್ತರ ಹೇಳಿಬಿಟ್ಟಿರುತ್ತಾರೆ. ಕಾಯುವಾಗಿನ ಆ ಮೌನ ಅವರಿಗೂ ಮುಜುಗರ.

ಬೆಂಗಳೂರಿನ ಹೆಸರಿನಲ್ಲೇ ಇರುವ ಉತ್ತರ

ತಮಾಷೆ ಏನೆಂದರೆ, ಈ ಸಮಸ್ಯೆಗೆ ಒಂದು ಒಳ್ಳೆಯ ಉತ್ತರ ನಮ್ಮ ನೆಲದಲ್ಲೇ ಹುಟ್ಟಿತ್ತು. ಇಂಗ್ಲಿಷ್ ಬೋಧನೆ ಓದಿದ ಯಾರನ್ನೇ ಕೇಳಿ, ಅದು ಯಾವ ದೇಶವೇ ಆಗಿರಲಿ, ‘ಬೆಂಗಳೂರು ಪ್ರಾಜೆಕ್ಟ್’ ಗೊತ್ತು ಅನ್ನುತ್ತಾರೆ. ಬೆಂಗಳೂರಿನಲ್ಲಿ ಮಾತ್ರ ಅದನ್ನು ಕೇಳಿದವರು ಕಡಿಮೆ.

1979ರಿಂದ 1984ರವರೆಗೆ ಎನ್.ಎಸ್. ಪ್ರಭು ಎಂಬುವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಈ ಪ್ರಯೋಗ ನಡೆಸಿದರು. ಆಗ ಅವರು ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದರು. ಬೆಂಗಳೂರು, ಮದ್ರಾಸಿನ ಮಾಮೂಲಿ ಶಾಲೆಗಳು ಅವು. ದೊಡ್ಡ ಸಲಕರಣೆ ಏನೂ ಇರಲಿಲ್ಲ. ಕರಿಹಲಗೆ, ಸೀಮೆಸುಣ್ಣ, ಕಾಗದ. ಪ್ರಭು ಹೇಳಿದ್ದು ಸರಳ: ಮಕ್ಕಳ ಗಮನ ಭಾಷೆಯ ಮೇಲೆ ಇರುವುದು ಬೇಡ, ಕೆಲಸದ ಮೇಲೆ ಇರಲಿ. ಅರ್ಥಕ್ಕಾಗಿ ತಲೆ ಕೆಡಿಸಿಕೊಂಡಾಗ ವ್ಯಾಕರಣ ತಾನಾಗಿ ಒಳಗೆ ಇಳಿಯುತ್ತದೆ. ಹಾಗಾಗಿ ಇವತ್ತು ಪಾಸ್ಟ್ ಟೆನ್ಸ್, ನಾಳೆ ಪ್ಯಾಸಿವ್ ವಾಯ್ಸ್ ಅನ್ನುವ ಪಟ್ಟಿಯೇ ಇರಲಿಲ್ಲ. ಅದರ ಜಾಗದಲ್ಲಿ ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ಖರ್ಚಿನ ಲೆಕ್ಕ ಬಂದವು.

ಅವರು ಕೆಲಸಗಳನ್ನು ಮೂರು ಬಗೆಯಾಗಿ ನೋಡಿದರು. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲ, ಅದನ್ನು ಕೇಳಿ ತಿಳಿಯಬೇಕು: ಇದು ಒಂದು. ಎದುರಿಗೆ ಇರುವ ಸಂಗತಿಗಳಿಂದ ಹೊಸದೊಂದನ್ನು ಕಂಡುಹಿಡಿಯಬೇಕು: ಇದು ಎರಡನೆಯದು. ನಿನಗೆ ಏನನ್ನಿಸುತ್ತದೆ ಹೇಳು ಅನ್ನುವುದು ಮೂರನೆಯದು. ಪ್ರಭು ಅವರಿಗೆ ಹೆಚ್ಚು ಇಷ್ಟವಾದದ್ದು ಎರಡನೆಯದು. ಕಾರಣ ಸ್ಪಷ್ಟ. ಅಭಿಪ್ರಾಯ ಹೇಳು ಅಂದರೆ ಭಾಷೆ ಬಾರದ ಮಗು ಕಂಗಾಲಾಗುತ್ತದೆ. ಮಾಹಿತಿ ಕೇಳು ಅಂದರೆ ಒಂದೇ ಪದದಲ್ಲಿ ಮುಗಿಸುತ್ತದೆ. ಲೆಕ್ಕ ಬಿಡಿಸು ಅಂದರೆ ತಲೆ ಓಡುತ್ತದೆ. ಆ ಓಟದಲ್ಲಿ ಇಂಗ್ಲಿಷ್ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ, ಬಾಯಿಗೂ ಬರುತ್ತದೆ.

ಇದನ್ನು ನಮ್ಮ ಬಸ್‌ಸ್ಟ್ಯಾಂಡಿಗೆ ತಂದು ನೋಡಿ. ಹಾಸನದಿಂದ ಬೆಂಗಳೂರಿಗೆ ಹೋಗುವ ನಾಲ್ಕು ಬಸ್ಸುಗಳ ಸಮಯ ಇಂಗ್ಲಿಷಿನಲ್ಲಿ ಬೋರ್ಡಿನ ಮೇಲಿದೆ. ಒಬ್ಬಳಿಗೆ ಮಧ್ಯಾಹ್ನ ಎರಡಕ್ಕೆ ಬೆಂಗಳೂರಿನಲ್ಲಿ ಇಂಟರ್‌ವ್ಯೂ. ದಾರಿಯಲ್ಲಿ ಚನ್ನರಾಯಪಟ್ಟಣದಲ್ಲಿ ಇಳಿದು ಅಕ್ಕನಿಂದ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಕೈಯಲ್ಲಿ ಇಂತಿಷ್ಟೇ ದುಡ್ಡು. ಅವಳು ಯಾವ ಬಸ್ಸು ಹತ್ತಬೇಕು? ಮೊದಲು ಮೇಷ್ಟ್ರು ಇಡೀ ಕ್ಲಾಸಿನ ಜೊತೆ ಇಂಥದೇ ಒಂದು ಲೆಕ್ಕವನ್ನು ಮಾತಾಡುತ್ತಾ ಬಿಡಿಸುತ್ತಾರೆ. ಆಮೇಲೆ ಇನ್ನೊಂದನ್ನು ಮಕ್ಕಳು ತಾವೇ ಮಾಡುತ್ತಾರೆ. ಐಪಿಎಲ್ ಸ್ಕೋರ್‌ಕಾರ್ಡೂ ಆಗಬಹುದು, ಮದುವೆ ಮನೆಯ ದಿನಸಿ ಪಟ್ಟಿಯೂ ಆಗಬಹುದು. ಕ್ಲಾಸಿನಲ್ಲಿ ಅರ್ಧದಷ್ಟು ಮಕ್ಕಳಾದರೂ ಸರಿಯಾಗಿ ಮಾಡುವ ಹಾಗಿರಬೇಕು ಅನ್ನುವುದು ಪ್ರಭು ಅವರ ಅಳತೆ. ಎಲ್ಲರಿಗೂ ಬಂದರೆ ಸುಲಭ ಆಯಿತು, ನಾಲ್ಕೇ ಜನಕ್ಕೆ ಬಂದರೆ ಕಷ್ಟ ಆಯಿತು.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮಲ್ಲಿ ಶಿಕ್ಷಕರ ತರಬೇತಿ ಅಂದರೆ ‘ಗ್ರೂಪ್ ಮಾಡಿಸಿ, ಆ್ಯಕ್ಟಿವಿಟಿ ಮಾಡಿಸಿ’ ಅನ್ನುವ ಮಂತ್ರ ಇದ್ದೇ ಇರುತ್ತದೆ. ಗ್ರೂಪು ಮಾಡುವಷ್ಟರಲ್ಲಿ ಹತ್ತು ನಿಮಿಷ ಹೋಗುತ್ತದೆ, ಗ್ರೂಪಿನೊಳಗೆ ಒಬ್ಬಳು ಬರೆಯುತ್ತಾಳೆ, ಉಳಿದವರು ಕನ್ನಡದಲ್ಲಿ ಹರಟುತ್ತಾರೆ. ಪ್ರಭು ಗ್ರೂಪಿನ ಬೆನ್ನು ಬೀಳಲಿಲ್ಲ. ಇಡೀ ಕ್ಲಾಸಿನ ಜೊತೆ ಮಾತು, ಆಮೇಲೆ ಒಬ್ಬೊಬ್ಬರ ಕೆಲಸ, ಅಷ್ಟೇ ಸಾಕು ಅಂದರು. 50 ಮಕ್ಕಳ ಕೋಣೆಗೆ ಇದು ಜಾಸ್ತಿ ಹೊಂದುತ್ತದೆ ಅಂತ ನನ್ನ ಅಂದಾಜು.

ಹಾಗಂತ ಪ್ರಯೋಗ ಪೂರ್ತಿ ಗೆದ್ದಿತು ಅನ್ನುವ ಹಾಗಿಲ್ಲ. ಹೊರಗಿನವರು ಬಂದು ಮಾಡಿದ ಮೌಲ್ಯಮಾಪನ ಎಚ್ಚರಿಕೆಯಿಂದಲೇ ಅದರ ಪರವಾಗಿ ಮಾತಾಡಿತು. ಆದರೆ ಯೋಜನೆಯ ತಂಡದವರಿಗೆ ಕೈಹತ್ತಿದಷ್ಟು ಸಲೀಸಾಗಿ ಶಾಲೆಯ ಮಾಮೂಲಿ ಶಿಕ್ಷಕರಿಗೆ ಈ ದಾರಿ ಕೈಹತ್ತಲಿಲ್ಲ ಅಂತಲೂ ಆಮೇಲೆ ಕಂಡುಬಂತು. ಅದರಲ್ಲಿ ಆಶ್ಚರ್ಯ ಇಲ್ಲ. ಮಕ್ಕಳ ಜೊತೆ ಮುಂಚೆ ಬರೆದಿಟ್ಟುಕೊಳ್ಳದ ಇಂಗ್ಲಿಷ್ ಮಾತಾಡಬೇಕು ಅಂದರೆ ಶಿಕ್ಷಕರಿಗೂ ಆ ಭಾಷೆಯಲ್ಲಿ ಧೈರ್ಯ ಬೇಕು. ಇಂಗ್ಲಿಷನ್ನು ಸಮಾಜ ವಿಜ್ಞಾನದ ಮೇಷ್ಟ್ರೇ ತೆಗೆದುಕೊಳ್ಳುವ ಹೈಸ್ಕೂಲುಗಳು ನಮ್ಮಲ್ಲಿ ಎಷ್ಟೋ ಇವೆ. ಅವರನ್ನು ಬೈದು ಏನು ಪ್ರಯೋಜನ?

ಪಠ್ಯಪುಸ್ತಕ ಬದಿಗಿಟ್ಟು ಇದನ್ನೆಲ್ಲ ಮಾಡಬೇಕು ಅಂತಲೂ ಇಲ್ಲ. ಹಲವು ವರ್ಷಗಳಿಂದ ಹತ್ತನೇ ತರಗತಿಯ ಮಕ್ಕಳು ಓದುತ್ತಾ ಬಂದ ಆರ್.ಕೆ. ನಾರಾಯಣ್ ಅವರ ಸ್ವಾಮಿಯ ಪಾಠವನ್ನೇ ನೋಡಿ. ಹುಲಿ ಜೊತೆ ಹೋರಾಡಿದ ಹುಡುಗನ ಸುದ್ದಿಯನ್ನು ಅಪ್ಪ ಪೇಪರಿನಲ್ಲಿ ಓದುತ್ತಾರೆ. ಧೈರ್ಯ ಇದ್ದರೆ ನೀನು ಇವತ್ತು ರಾತ್ರಿ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಅನ್ನುತ್ತಾರೆ. ಅಜ್ಜಿಯ ಪಕ್ಕ ಮಲಗುವ ಸ್ವಾಮಿಗೆ ಪ್ರಾಣ ಹೋದ ಹಾಗೆ ಆಗುತ್ತದೆ. ಕೊನೆಗೆ ಕತ್ತಲಲ್ಲಿ ಬೆಂಚಿನ ಕೆಳಗೆ ಅಡಗಿದವನು ಹತ್ತಿರ ಬಂದದ್ದನ್ನು ಹಿಡಿದು ಕಚ್ಚಿಬಿಡುತ್ತಾನೆ. ನೋಡಿದರೆ ಅದು ಕಳ್ಳ!

ಈ ಕತೆಗೆ ನಮ್ಮ ನೋಟ್ಸಿನಲ್ಲಿರುವ ಪ್ರಶ್ನೆ ‘ಸ್ವಾಮಿ ಎಲ್ಲಿ ಮಲಗಬೇಕಾಯಿತು?’ ಅಂತ. ಉತ್ತರ ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಅದರ ಬದಲು ಸ್ವಾಮಿ ಬೆಂಚಿನ ಕೆಳಗೆ ಇರುವಾಗಲೇ ಪುಸ್ತಕ ಮುಚ್ಚಿಸಿ. ಹತ್ತಿರ ಬರುತ್ತಿರುವುದು ಏನು, ಒಂದು ಸಾಲಿನಲ್ಲಿ ಬರೆಯಿರಿ ಅನ್ನಿ. ದೆವ್ವ, ನಾಯಿ, ಅಪ್ಪ, ಏನು ಬೇಕಾದರೂ ಬರಲಿ. ಬರೆದದ್ದನ್ನು ಓದುವುದು ಸುಲಭ, ಯಾಕೆಂದರೆ ಕೈಯಲ್ಲಿ ಕಾಗದ ಇದೆ. ಆಮೇಲೆ ಪುಸ್ತಕ ತೆರೆದರೆ ಉಳಿದ ಪುಟವನ್ನು ಅವರು ಓದುವುದು ತಮ್ಮ ಊಹೆ ಗೆದ್ದಿತೋ ಸೋತಿತೋ ನೋಡುವುದಕ್ಕೆ. ಕತೆಯ ಕೊನೆಯಲ್ಲಿ ಎಲ್ಲರೂ ಹೊಗಳಿದ ಮೇಲೂ ಸ್ವಾಮಿ ಮತ್ತೆ ಅಜ್ಜಿಯ ಪಕ್ಕದಲ್ಲೇ ಹೋಗಿ ಮಲಗುತ್ತಾನೆ. ಅವನು ಧೈರ್ಯವಂತನೋ ಅಲ್ಲವೋ? ಇದಕ್ಕೆ ಮೇಷ್ಟ್ರ ಹತ್ತಿರವೂ ಒಂದೇ ಉತ್ತರ ಇಲ್ಲ. ಮಗುವಿಗೆ ಅದು ಗೊತ್ತಾದ ಗಳಿಗೆಯಲ್ಲೇ ಕ್ಲಾಸಿನ ಹವಾ ಬದಲಾಗುತ್ತದೆ.

ಇನ್ನು ಕನ್ನಡ ಬಳಸಬಹುದೋ ಬೇಡವೋ ಅನ್ನುವ ಚರ್ಚೆ. ಕೆಲಸ ಏನು ಅಂತ ಕನ್ನಡದಲ್ಲಿ ಹೇಳಿದರೆ ಐದು ನಿಮಿಷ ಉಳಿಯುತ್ತದೆ, ಧಾರಾಳವಾಗಿ ಹೇಳಲಿ. ಆದರೆ ಕತೆಯ ಗುಟ್ಟನ್ನೇ ಕನ್ನಡದಲ್ಲಿ ಬಿಟ್ಟುಕೊಟ್ಟರೆ ಆಮೇಲೆ ಇಂಗ್ಲಿಷ್ ಪುಟ ಓದುವ ದರ್ದು ಯಾರಿಗಿರುತ್ತದೆ?

ಫೋನಿಗೆ ಏನು ಬರುತ್ತದೆ, ಏನು ಬರುವುದಿಲ್ಲ

ದೂರದಿಂದ ಪಾಠ ಹೇಳುವುದು ನಮಗೆ ಕೊರೊನಾ ಕಾಲದಲ್ಲಿ ಹೊಸದಾಗಿ ಬಂದದ್ದಲ್ಲ. ಆಕಾಶವಾಣಿಯ ‘ಕೇಳಿ ಕಲಿ’ ಕೇಳಿ ಬೆಳೆದವರು ಈಗ ತಾವೇ ಅಪ್ಪ ಅಮ್ಮ ಆಗಿದ್ದಾರೆ. 2004ರ ಸೆಪ್ಟೆಂಬರಿನಲ್ಲಿ ಎಜುಸ್ಯಾಟ್ ಉಪಗ್ರಹ ಮೇಲೆ ಹೋದ ಮೇಲೆ ಚಾಮರಾಜನಗರದ ಶಾಲೆಗಳಿಗೆ ಉಪಗ್ರಹ ಪಾಠ ಬಂತು. 2020ರಲ್ಲಿ ಚಂದನ ವಾಹಿನಿಯಲ್ಲಿ ಹೈಸ್ಕೂಲಿಗೆ ‘ಸಂವೇದ’ ಪಾಠಗಳು ಶುರುವಾದವು. ಎಲ್ಲವೂ ಒಳ್ಳೆಯ ಉದ್ದೇಶದವೇ. ಆದರೆ ಬಹುತೇಕ ಎಲ್ಲದರಲ್ಲೂ ಮಾತು ಒಂದೇ ಕಡೆಯಿಂದ ಬರುತ್ತಿತ್ತು. ವಿಜ್ಞಾನ, ಸಮಾಜಕ್ಕೆ ಅದು ಹೇಗೋ ನಡೆದೀತು. ಭಾಷೆಗೆ ನಡೆಯುವುದಿಲ್ಲ. ಟಿವಿಗೆ ಉತ್ತರ ಕೊಟ್ಟರೆ ಅದು ಕೇಳಿಸಿಕೊಳ್ಳುವುದಿಲ್ಲವಲ್ಲ.

ಆಗ ಸಾಧನದ ಕೊರತೆ ನಿಜಕ್ಕೂ ದೊಡ್ಡದಿತ್ತು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿ ಮನೆಗಳಲ್ಲಿ ಇಂಟರ್ನೆಟ್ ಇದ್ದದ್ದು ಶೇ 14.9ರಲ್ಲಿ, ಕಂಪ್ಯೂಟರ್ ಇದ್ದದ್ದು ಶೇ 4.4ರಲ್ಲಿ. 2020ರ ಆಗಸ್ಟಿನಲ್ಲಿ ಬಂದ ‘ವಿದ್ಯಾಗಮ’ ಯೋಜನೆ ಈ ಸತ್ಯವನ್ನು ಒಪ್ಪಿಕೊಂಡೇ ಶುರುವಾಯಿತು. ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಏನೂ ಇಲ್ಲದವರು ಅಂತ ಮಕ್ಕಳನ್ನು ವಿಂಗಡಿಸಿ, ಶಿಕ್ಷಕರೇ ಅರಳಿಕಟ್ಟೆಗೆ, ದೇವಸ್ಥಾನದ ಜಗುಲಿಗೆ, ಸಮುದಾಯ ಭವನಕ್ಕೆ ಹೋದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ನನ್ನ ಮಟ್ಟಿಗೆ ಆ ವರ್ಷದ ಅತಿ ಬುದ್ಧಿವಂತ ಯೋಚನೆ ಅದೇ. ಹತ್ತು ಹದಿನೈದು ಮಕ್ಕಳ ಸಣ್ಣ ಗುಂಪು, ಎದುರಿಗೆ ಮೇಷ್ಟ್ರು. ಎಷ್ಟೋ ಮಕ್ಕಳಿಗೆ ಇಂಗ್ಲಿಷಿನಲ್ಲಿ ಬಾಯಿ ತೆರೆಯಲು ಅಂಥ ಜಾಗ ಅದಕ್ಕಿಂತ ಮುಂಚೆ ಸಿಕ್ಕಿರಲೇ ಇಲ್ಲ. ಶಾಲೆ ತೆರೆದ ಮೇಲೆ ನಾವು ಅದನ್ನು ಮರೆತೆವು.

ಈಗ ಫೋನು ಮನೆಮನೆಗೆ ಬಂದಿದೆ. ಸಮಸ್ಯೆ ಬೇರೆ ಕಡೆಗೆ ತಿರುಗಿದೆ. 2024ರ ಅಸರ್ ವರದಿಯಲ್ಲಿ ಹಳ್ಳಿಗಳ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 80ಕ್ಕಿಂತ ಹೆಚ್ಚು ಜನ ತಮಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ ಅಂದರು. ಹಿಂದಿನ ವಾರ ಅದನ್ನು ಓದಿನ ಯಾವುದೋ ಕೆಲಸಕ್ಕೆ ಬಳಸಿದವರು ಶೇ 57. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಫೋನು ಸಂಜೆ ಅಪ್ಪ ಮನೆಗೆ ಬಂದ ಮೇಲೆ ಸಿಗುತ್ತದೆ, ಅಣ್ಣನ ಕೈ ದಾಟಿ ತಂಗಿಗೆ ಬರುವ ಹೊತ್ತಿಗೆ ಒಂಬತ್ತೂವರೆ ಆಗಿರುತ್ತದೆ. ಹೀಗಿರುವಾಗ ಸಂಜೆ ಆರಕ್ಕೆ ಲೈವ್ ಕ್ಲಾಸ್ ಇಟ್ಟು, ಕ್ಯಾಮೆರಾ ಆನ್ ಮಾಡಿ ಅಂದರೆ ಏನು ಮಾಡುವುದು? ಒಂದೇ ಕೋಣೆಯ ಮನೆ. ಹಿಂದೆ ಕುಕ್ಕರ್ ಕೂಗುತ್ತಿದೆ, ಟಿವಿ ಓಡುತ್ತಿದೆ. ಕ್ಯಾಮೆರಾ ಮುಚ್ಚಿಕೊಂಡ ಹುಡುಗಿಯನ್ನು ಸೋಮಾರಿ ಅನ್ನುವುದು ಅನ್ಯಾಯ.

ಹಾಗಾದರೆ ಫೋನಿನ ನಿಜವಾದ ಬಲ ಯಾವುದು? ನನ್ನನ್ನು ಕೇಳಿದರೆ, ವಾಯ್ಸ್ ಮೆಸೇಜು. ಮೇರಿ ಬಡ್ ರೋ ಬೇಡಿದ್ದು ಮೂರು ಸೆಕೆಂಡು. ವಾಟ್ಸ್‌ಆ್ಯಪ್ ಒಂದು ಇಡೀ ಸಂಜೆ ಕೊಡುತ್ತದೆ. ಮಗು ಹೇಳಬೇಕಾದ್ದನ್ನು ಬರೆದುಕೊಳ್ಳುತ್ತದೆ, ರೆಕಾರ್ಡ್ ಮಾಡುತ್ತದೆ, ಕೇಳುತ್ತದೆ. ಸರಿಬರಲಿಲ್ಲ ಅಂದರೆ ಅಳಿಸಿ ಮತ್ತೆ ಹೇಳುತ್ತದೆ. ಕೊನೆಗೆ ಮೂವತ್ತು ಸೆಕೆಂಡಿನ ಒಂದು ಮಾತು ಕಳಿಸುವ ಹೊತ್ತಿಗೆ ಅದೇ ಮಾತನ್ನು ನಾಲ್ಕೈದು ಸಲ ಹೇಳಿರುತ್ತದೆ. ಇಷ್ಟೊಂದು ಮಾತಾಡಲು ಯಾವ ಕ್ಲಾಸಿನಲ್ಲೂ ಅವಕಾಶ ಇಲ್ಲ. ನಗುವವರೂ ಇಲ್ಲ. ಒಂದು ಷರತ್ತು: ಅದು ಗ್ರೂಪಿಗೆ ಹೋಗಬಾರದು, ಮೇಷ್ಟ್ರಿಗೆ ಮಾತ್ರ ಹೋಗಬೇಕು. ಹುಡುಗಿಯರ ಧ್ವನಿ ಗ್ರೂಪಿಗೆ ಹೋದರೆ ಅದು ಎಲ್ಲೆಲ್ಲಿಗೆ ತಿರುಗುತ್ತದೆ ಅನ್ನುವ ಭಯ ಮನೆಯವರಿಗೂ ಇರುತ್ತದೆ. ಆ ಭಯ ಸುಳ್ಳಲ್ಲ. ಅಮ್ಮನ ಫೋನಿನಿಂದ, ಅಮ್ಮನಿಗೆ ಗೊತ್ತಿದ್ದೇ ಕಳಿಸುವ ಹಾಗೆ ಇರಲಿ.

ಫೋನಿನ ಇನ್ನೊಂದು ತುದಿಯಲ್ಲಿ ಮನುಷ್ಯರು ಇದ್ದಾರೋ ಇಲ್ಲವೋ ಅನ್ನುವುದೇ ಎಲ್ಲಕ್ಕಿಂತ ಮುಖ್ಯ. ಕೊರೊನಾ ಕಾಲದಲ್ಲಿ ಆಫ್ರಿಕಾದ ಬೋಟ್ಸ್ವಾನಾದಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಲೆಕ್ಕದ ಎಸ್‌ಎಂಎಸ್ ಮಾತ್ರ ಕಳಿಸಿದರು. ಇನ್ನು ಕೆಲವಕ್ಕೆ ಎಸ್‌ಎಂಎಸ್ ಜೊತೆಗೆ ಫೋನ್ ಕರೆಯನ್ನೂ ಮಾಡಿದರು. ಬರೀ ಎಸ್‌ಎಂಎಸ್ ಹೋದ ಮನೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ, ಕರೆ ಹೋದ ಮನೆಗಳಲ್ಲಿ ಮಕ್ಕಳ ಲೆಕ್ಕ ಸುಧಾರಿಸಿತು. ಸ್ಮಾರ್ಟ್‌ಫೋನೂ ಬೇಕಾಗಿರಲಿಲ್ಲ. ನಮ್ಮ ರಾಜ್ಯದ ‘ಗಣಿತ ಗಣಕ’ ಇದೇ ದಾರಿಯಲ್ಲಿ ಬಂದದ್ದು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಶಿಕ್ಷಕರು ಕರೆ ಮಾಡಿ ಲೆಕ್ಕ ಹೇಳಿಕೊಡುತ್ತಾರೆ. ಇಂಗ್ಲಿಷಿಗೂ ಇಂಥದೊಂದು ಯಾಕಾಗಬಾರದು? ಹೈಸ್ಕೂಲಿನ ಮಗುವಿಗೆ ವಾರಕ್ಕೆ ಐದು ನಿಮಿಷ, ಆ ಕಡೆಯಿಂದ ಒಂದು ಜೀವಂತ ದನಿ, ಇಂಗ್ಲಿಷಿನಲ್ಲಿ. ಲೆಕ್ಕಕ್ಕಿಂತ ಮಾತಿಗೆ ಫೋನ್ ಕರೆ ಇನ್ನೂ ಚೆನ್ನಾಗಿ ಒಗ್ಗುತ್ತದೆ ಅಲ್ವಾ?

ಹೋಮ್‌ವರ್ಕಿನ ಕತೆ ಮುಗಿದಿದೆ

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮನೆಯಲ್ಲಿ ಪ್ರಬಂಧ ಬರೆದುಕೊಂಡು ಬನ್ನಿ ಅನ್ನುವುದಕ್ಕೆ ಅರ್ಥ ಉಳಿದಿಲ್ಲ. ಅದಕ್ಕೂ ಮುಂಚೆ ಗೈಡು ಇತ್ತು, ಗೂಗಲ್ ಅನುವಾದ ಇತ್ತು. ಈಗ ಪ್ರಶ್ನೆಯ ಫೋಟೊ ತೆಗೆದರೆ ಸಾಕು. ಕೆಲವು ಮೇಷ್ಟ್ರುಗಳು ನೋಟ್‌ಬುಕ್ ನೋಡಿ ‘ಇದು ನೀನು ಬರೆದದ್ದಲ್ಲ’ ಅಂತ ಜಗಳಕ್ಕೆ ಇಳಿಯುತ್ತಾರೆ. ಆ ಪೊಲೀಸ್ ಕೆಲಸ ಯಾರಿಗೂ ಬೇಡ.

ಜಾಗ ಅದಲುಬದಲು ಮಾಡುವುದು ಒಳ್ಳೆಯದು. ಬರೆಯುವ ಕೆಲಸ ಕ್ಲಾಸಿಗೆ ಬರಲಿ. ಹತ್ತು ನಿಮಿಷ, ಐದೇ ಸಾಲು, ತಪ್ಪಿದ್ದರೂ ಪರವಾಗಿಲ್ಲ, ಸ್ವಂತದ್ದಾಗಿರಲಿ. ಮೇಷ್ಟ್ರು ಓಡಾಡುತ್ತಾ ನೋಡುತ್ತಾರೆ. ಎದುರಿಗೆ ಇರುವುದರ ಲಾಭವೇ ಅದು, ಎಲ್ಲಿ ಪೆನ್ನು ನಿಂತಿದೆ ಅಂತ ಕಣ್ಣಿಗೆ ಕಾಣುತ್ತದೆ. ಕೇಳುವುದು, ಓದುವುದು ಮನೆಗೆ ಹೋಗಲಿ. ಮೇಷ್ಟ್ರೇ ಪಾಠದ ಒಂದು ಪುಟ ಓದಿ ಆಡಿಯೊ ಕಳಿಸಬಹುದು. ಒಂದೆರಡು ಎಂಬಿಯಲ್ಲಿ ಮುಗಿಯುತ್ತದೆ, ವಿಡಿಯೊದ ಹಾಗೆ ಡೇಟಾ ನುಂಗುವುದಿಲ್ಲ. ಬೇಕಾದಷ್ಟು ಸಲ ಕೇಳಬಹುದು. ತಮ್ಮದೇ ಮೇಷ್ಟ್ರ ಉಚ್ಚಾರ ಬೇರೆ, ಅಪರಿಚಿತ ಆ್ಯಪಿನ ಉಚ್ಚಾರಕ್ಕಿಂತ ಬೇಗ ಕಿವಿಗೆ ಹತ್ತುತ್ತದೆ.

ಮನೆಯಿಂದ ಮಾಡಿ ತರುವ ಕೆಲಸ ಬೇಕೇ ಬೇಕು ಅಂದರೆ ಮನೆಯಲ್ಲೇ ಸಿಗುವಂಥದ್ದನ್ನು ಕೊಡಬೇಕು. ಅಜ್ಜಿ ಚಿಕ್ಕವಳಿದ್ದಾಗ ಶಾಲೆಗೆ ಹೇಗೆ ಹೋಗುತ್ತಿದ್ದಳು, ಕನ್ನಡದಲ್ಲೋ ತುಳುವಿನಲ್ಲೋ ಉರ್ದುವಿನಲ್ಲೋ ಕೇಳಿ ತಿಳಿದುಕೋ. ನಾಳೆ ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಮೂರು ಸಾಲು ಹೇಳು. ಆ ಮೂರು ಸಾಲನ್ನು ಯಾವುದೋ ಆ್ಯಪು ಬರೆದುಕೊಟ್ಟಿದ್ದರೂ ಇರಲಿ. ಪಕ್ಕದವಳು ಎದ್ದು ‘ಅಜ್ಜಿ ಚಪ್ಪಲಿ ಹಾಕುತ್ತಿದ್ದಳಾ?’ ಅಂತ ಇಂಗ್ಲಿಷಿನಲ್ಲಿ ಕೇಳಿದಾಗ ಉತ್ತರ ಕೊಡುವವಳು ಮೊಮ್ಮಗಳೇ.

ಆದರೆ ಪರೀಕ್ಷೆ?

ಇಷ್ಟು ಹೇಳಿದರೆ ಯಾವ ಮೇಷ್ಟ್ರಾದರೂ ಕೇಳುವ ಪ್ರಶ್ನೆ ಒಂದೇ: ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಿದ್ದರೆ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಯಾರು ಉತ್ತರ ಕೊಡುತ್ತಾರೆ? ನ್ಯಾಯವಾದ ಪ್ರಶ್ನೆ. ದ್ವಿತೀಯ ಭಾಷೆ ಇಂಗ್ಲಿಷಿಗೆ ಇರುವುದು 100 ಅಂಕ. 80 ಲಿಖಿತ ಪರೀಕ್ಷೆಗೆ, 20 ಆಂತರಿಕ. ಆ 80ರಲ್ಲಿ ಪತ್ರ, ಪ್ರಬಂಧ, ಬಾಯಿಪಾಠದ ಪದ್ಯ, ವ್ಯಾಕರಣ, ಕೊಟ್ಟ ಭಾಗ ಓದಿ ಉತ್ತರ ಬರೆಯುವುದು ಎಲ್ಲ ಇದೆ. ಮಾತಿಗೆ ಜಾಗ ಇಲ್ಲ. ಹಾಗಾಗಿ ಡಿಸೆಂಬರ್ ದಾಟಿದರೆ ಕ್ಲಾಸಿಗೆ ‘ಪಾಸಿಂಗ್ ಪ್ಯಾಕೇಜ್’ ಬರುತ್ತದೆ. ಎರಡು ಪತ್ರ, ನಾಲ್ಕು ಪ್ರಬಂಧ, ಒಂದು ಪದ್ಯ, ಉರು ಹೊಡೆ. ಹಿಂದುಳಿದ ಮಗುವನ್ನು ದಡ ಸೇರಿಸಬೇಕು ಅನ್ನುವ ಕಾಳಜಿಯೂ ಅದರಲ್ಲಿದೆ, ಇಲ್ಲ ಅನ್ನಲಾರೆ. ಆದರೆ ಆ ಮಗು ಇಂಗ್ಲಿಷಿನಿಂದ ಪೂರ್ತಿ ಕೈಬಿಟ್ಟುಹೋಗುವುದೂ ಅಲ್ಲೇ.

ರಿಸಲ್ಟಿನ ಅಂಕಿಯನ್ನು ನಾವು ಇಷ್ಟೊಂದು ನಂಬುವುದೂ ಅಷ್ಟು ಸರಿಯಲ್ಲ. 2021ರ ಜುಲೈನಲ್ಲಿ ಭಾಷೆಗಳನ್ನೆಲ್ಲ ಸೇರಿಸಿ ಒಂದೇ ದಿನ, ಒಂದೊಂದಕ್ಕೆ 40 ಅಂಕದ, ಸರಿ ಉತ್ತರದ ವೃತ್ತ ತುಂಬುವ ಒಎಂಆರ್ ಪರೀಕ್ಷೆ ನಡೆಸಿ ಹೆಚ್ಚುಕಡಿಮೆ ಎಲ್ಲರನ್ನೂ ಪಾಸು ಮಾಡಿದೆವು. ಆಗಿನ ಸ್ಥಿತಿಯಲ್ಲಿ ಅದು ಸರಿಯೇ. ಆಮೇಲೆ 2023ರಲ್ಲಿ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಅಂದರೆ ಕ್ಯಾಮೆರಾ ಇಟ್ಟು ದೂರದಿಂದಲೇ ನಿಗಾ. ಗ್ರೇಸ್ ಅಂಕದ ಮಿತಿಯನ್ನು ಶೇ 10ರಿಂದ 20ಕ್ಕೆ ಏರಿಸಿದರೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರಾ? ಇಲ್ಲ. ಹಿಂದಿನ ಅಂಕಿ ಹೇಳುತ್ತಿದ್ದದ್ದು ಕಲಿಕೆಯನ್ನಲ್ಲ, ಅಷ್ಟೆ.

ಸಿಬಿಎಸ್‌ಇ ಶಾಲೆಗಳಲ್ಲಿ ಮಾತು, ಆಲಿಕೆಯನ್ನು ಅಳೆಯುವ ಎಎಸ್‌ಎಲ್ ಎಂಬ ಪದ್ಧತಿ ಆಂತರಿಕ ಅಂಕದೊಳಗೆ ಇದೆ. ಎಲ್ಲ ಕಡೆ ಪ್ರಾಮಾಣಿಕವಾಗಿ ನಡೆಯುತ್ತದೆ ಅಂತ ನಾನು ಹೇಳಲಾರೆ. ಆದರೂ ಕಾಗದದ ಮೇಲೆ ಮಾತಿಗೆ ಒಂದು ಬೆಲೆ ಇದೆ. ನಮ್ಮ 20 ಆಂತರಿಕ ಅಂಕದಲ್ಲಿ ಐದನ್ನು ಮಾತಿಗೆ ಅಂತ ಎತ್ತಿಟ್ಟರೆ, ವರ್ಷವಿಡೀ ಬಂದ ವಾಯ್ಸ್ ಮೆಸೇಜುಗಳೇ ಅದಕ್ಕೆ ಸಾಕ್ಷಿ. ಜೂನ್ ತಿಂಗಳ ಧ್ವನಿ, ಜನವರಿಯ ಧ್ವನಿ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ಮಗು ಎಷ್ಟು ಮುಂದೆ ಬಂದಿದೆ ಅಂತ ಯಾರಿಗೂ ಗೊತ್ತಾಗುತ್ತದೆ. ಅಮ್ಮನಿಗೂ.

ಇಲ್ಲಿ ಬರುವ ತೊಡಕು ಹಣದ್ದಲ್ಲ, ಸಮಯದ್ದು. ಎಂಟು, ಒಂಬತ್ತು, ಹತ್ತು ಮೂರೂ ತರಗತಿ ಒಬ್ಬರೇ ತೆಗೆದುಕೊಂಡರೆ 150 ಮಕ್ಕಳು. ಮೂವತ್ತು ಸೆಕೆಂಡಿನಂತೆ ಬರೀ ಕೇಳುವುದಕ್ಕೇ ಒಂದೂಕಾಲು ಗಂಟೆ. ಉತ್ತರ ಕೊಡಲು ಇನ್ನೊಂದಷ್ಟು. ಈಗ ಅದು ರಾತ್ರಿ ಊಟ ಆದ ಮೇಲೆ, ಶಿಕ್ಷಕಿಯ ಸ್ವಂತ ಫೋನಿನಲ್ಲಿ, ಸ್ವಂತ ಡೇಟಾದಲ್ಲಿ ನಡೆಯಬೇಕು. ಒಳ್ಳೆಯ ಟೀಚರುಗಳು ಹಾಗೆ ಮಾಡುತ್ತಲೂ ಇದ್ದಾರೆ, ಯಾರೂ ಅದನ್ನು ಕೆಲಸ ಅಂತ ಲೆಕ್ಕಕ್ಕೆ ಹಿಡಿಯುತ್ತಿಲ್ಲ. ವಾರಕ್ಕೆ ಎರಡು ಪಿರಿಯಡ್ ಈ ಕೇಳುವ ಕೆಲಸಕ್ಕೇ ಅಂತ ಟೈಮ್‌ಟೇಬಲಿನಲ್ಲಿ ಬರೆಯಬೇಕು. ಆ ಎರಡು ಪಿರಿಯಡಿನಲ್ಲಿ ಅವರನ್ನು ಜನಗಣತಿಗೋ ಬಿಸಿಯೂಟದ ಲೆಕ್ಕಕ್ಕೋ ಎಳೆದುಕೊಂಡು ಹೋಗಬಾರದು. ಶಾಲೆಗೊಂದು ಫೋನು, ಒಂದು ಸಿಮ್ಮು ಇಲಾಖೆಯೇ ಕೊಡಬೇಕು. ಸ್ಮಾರ್ಟ್ ಬೋರ್ಡಿಗೆ ಹೋಲಿಸಿದರೆ ಇದು ಚಿಲ್ಲರೆ ಖರ್ಚು, ಆದರೆ ಉದ್ಘಾಟನೆಗೆ ಟೇಪ್ ಕತ್ತರಿಸುವಂಥದ್ದು ಇದರಲ್ಲಿ ಏನೂ ಇಲ್ಲ.